ನಿರಂತರ ಮಾತಿನಲ್ಲಿ ಪದಗಳ ಗುರುತಿಸುವಿಕೆ

ನಿರಂತರ ಮಾತಿನಲ್ಲಿ ಪದಗಳ ಗುರುತಿಸುವಿಕೆ ಎಂದರೆ ಎಡೆಬಿಡದೆ ಹರಿದುಬರುವ ಮಾತಿನ ಧ್ವನಿಯಿಂದ ಕೇಳುಗರು ಒಂದೊಂದು ಪದವನ್ನೂ ಬಿಡಿಸಿಕೊಂಡು, ತಮ್ಮ ನೆನಪಿನಲ್ಲಿರುವ ಪದಗಳೊಂದಿಗೆ ಹೊಂದಿಸಿ ಅರ್ಥಮಾಡಿಕೊಳ್ಳುವ ಮಾನಸಿಕ ಪ್ರಕ್ರಿಯೆ. ಇದು ಮನೋಭಾಷಾವಿಜ್ಞಾನದ ಮುಖ್ಯ ಅಧ್ಯಯನ ವಿಷಯಗಳಲ್ಲಿ ಒಂದು. ಧ್ವನಿವಿಜ್ಞಾನ, ಶ್ರವಣವಿಜ್ಞಾನ, ಶಿಶುಗಳ ಭಾಷಾಕಲಿಕೆ ಮತ್ತು ಯಂತ್ರಗಳ ಮೂಲಕ ಮಾತನ್ನು ಬರಹವಾಗಿಸುವ ತಂತ್ರಜ್ಞಾನಗಳೊಂದಿಗೂ ಇದಕ್ಕೆ ನೇರ ಸಂಬಂಧವಿದೆ.

ಬರಹದಲ್ಲಿ ಪದಗಳ ನಡುವೆ ತೆರಪು ಇರುತ್ತದೆ; ಮಾತಿನಲ್ಲಿ ಅಂಥ ತೆರಪು ಇರುವುದಿಲ್ಲ. ಆದರೂ ಬಲ್ಲ ಭಾಷೆಯನ್ನು ಕೇಳುವಾಗ ಪದಗಳು ಬಿಡಿಬಿಡಿಯಾಗಿಯೇ ಕೇಳಿಸುತ್ತವೆ. ಅರಿಯದ ಭಾಷೆಯನ್ನು ಕೇಳಿದಾಗ ಮಾತ್ರ ಮಾತು ಒಂದೇ ಉದ್ದನೆಯ ಸರವೆಂದು ತೋರುತ್ತದೆ. ಪದಗಳ ಗಡಿಯನ್ನು ಹೆಚ್ಚಿನ ಮಟ್ಟಿಗೆ ಒದಗಿಸುವುದು ಕೇಳುಗರ ಭಾಷಾಜ್ಞಾನ ಎಂಬುದನ್ನು ಈ ವ್ಯತ್ಯಾಸ ಸೂಚಿಸುತ್ತದೆ. ಸಂಧಿ ಮತ್ತು ಪ್ರತ್ಯಯಗಳಿಂದ ಪದಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕನ್ನಡದಂಥ ಭಾಷೆಯಲ್ಲಿ ಈ ಪ್ರಕ್ರಿಯೆಗೆ ವಿಶೇಷ ಲಕ್ಷಣಗಳಿವೆ.

## ಸಮಸ್ಯೆಯ ಸ್ವರೂಪ

ಮಾತಿನ ಧ್ವನಿಯನ್ನು ಯಂತ್ರದಲ್ಲಿ ಚಿತ್ರಿಸಿ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಮೌನಗಳು ಕಾಣುತ್ತವೆ. ಆದರೆ ಆ ಮೌನಗಳು ಪದಗಳ ಗಡಿಗೆ ಸರಿಹೊಂದಬೇಕೆಂದಿಲ್ಲ. ‘ಅಕ್ಕ ಎಲ್ಲಿ’ ಎಂದು ಸಹಜವಾಗಿ ಹೇಳಿದಾಗ ಎದ್ದುಕಾಣುವ ಮೌನವಿರುವುದು ‘ಅಕ್ಕ’ ಪದದ ಒಳಗೆ, ‘ಕ್ಕ’ ಒತ್ತಕ್ಷರವನ್ನು ಉಚ್ಚರಿಸಲು ನಾಲಿಗೆ ಉಸಿರನ್ನು ತಡೆಹಿಡಿಯುವ ಗಳಿಗೆಯಲ್ಲಿ. ‘ಅಕ್ಕ’ ಮತ್ತು ‘ಎಲ್ಲಿ’ ಎಂಬ ಎರಡು ಪದಗಳ ನಡುವೆ ಧ್ವನಿ ಕಡಿಯದೆ ಸಾಗುತ್ತದೆ. ‘ಅಪ್ಪ ಬಂದ’, ‘ಹತ್ತು ಆಯಿತು’ ಮುಂತಾದ ಮಾತುಗಳಲ್ಲಿಯೂ ಒತ್ತಕ್ಷರದ ಮೌನ ಹೀಗೆಯೇ ಪದದ ನಡುವೆ ಬರುತ್ತದೆ.

ಎರಡನೆಯ ತೊಡಕೆಂದರೆ ಒಂದೇ ಪದವು ಪ್ರತಿಸಲವೂ ಒಂದೇ ರೀತಿ ಉಚ್ಚಾರವಾಗುವುದಿಲ್ಲ. ಮಾತಾಡುವವರ ವಯಸ್ಸು, ವೇಗ, ಊರು ಮತ್ತು ಪಕ್ಕದ ಧ್ವನಿಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ‘ಮಾಡುತ್ತೇನೆ’ ಎಂಬುದು ಮೈಸೂರಿನ ಕಡೆ ‘ಮಾಡ್ತೀನಿ’ ಎಂದಾಗುತ್ತದೆ; ‘ಬರುತ್ತದೆ’ ಎಂಬುದು ಕರಾವಳಿಯಲ್ಲಿ ‘ಬರ್ತದೆ’ ಎಂದೂ ಬೇರೆಡೆ ‘ಬರುತ್ತೆ’ ಎಂದೂ ಕೇಳಿಸುತ್ತದೆ. 1960ರ ದಶಕದ ಆರಂಭದಲ್ಲಿ ಪೊಲಾಕ್ ಮತ್ತು ಪಿಕೆಟ್ ಎಂಬ ಅಮೆರಿಕದ ಸಂಶೋಧಕರು ಸಹಜ ಸಂಭಾಷಣೆಯ ಧ್ವನಿಮುದ್ರಣದಿಂದ ಬಿಡಿ ಪದಗಳನ್ನು ಕತ್ತರಿಸಿ ಕೇಳಿಸಿದಾಗ, ಕೇಳುಗರಿಗೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಅರ್ಥವಾದವು. ಅದೇ ಧ್ವನಿಯನ್ನು ಅಕ್ಕಪಕ್ಕದ ಪದಗಳ ಸಮೇತ ಕೇಳಿಸಿದಾಗ ಗುರುತಿಸುವಿಕೆ ಸುಧಾರಿಸಿತು.

ಮೂರನೆಯ ತೊಡಕು, ಪದದೊಳಗೆ ಪದಗಳು ಅಡಗಿರುವುದು. ‘ಅರಮನೆ’ಯಲ್ಲಿ ‘ಮನೆ’ ಇದೆ, ‘ತಾವರೆ’ಯಲ್ಲಿ ‘ಅರೆ’ ಇದೆ. ‘ಹಾವೇರಿ ಬಂತು’ ಎಂಬ ಧ್ವನಿಸರಣಿಯನ್ನು ಊರಿನ ಹೆಸರಾಗಿಯೂ ‘ಹಾವು ಏರಿ ಬಂತು’ ಎಂದೂ ಬಿಡಿಸಬಹುದು. ರೈಲಿನಲ್ಲಿ ಕುಳಿತ ಪ್ರಯಾಣಿಕರಿಗೆ ಎರಡನೆಯ ಅರ್ಥ ಹೊಳೆಯುವುದೇ ಇಲ್ಲ. ಸಂದರ್ಭವು ಅದನ್ನು ಮೊದಲೇ ತಳ್ಳಿಹಾಕಿರುತ್ತದೆ.

## ಭಾರತೀಯ ಪರಂಪರೆಯಲ್ಲಿ ಪದಚ್ಛೇದ

ಕೂಡಿಕೊಂಡ ಮಾತನ್ನು ಪದಗಳಾಗಿ ಬಿಡಿಸುವ ವಿಚಾರ ಭಾರತದಲ್ಲಿ ಬಹು ಪ್ರಾಚೀನವಾದುದು. ಋಗ್ವೇದವನ್ನು ಸಂಧಿಸಹಿತವಾಗಿ ಹೇಳುವ ಸಂಹಿತಾಪಾಠ ಮತ್ತು ಪದಗಳನ್ನು ಬಿಡಿಸಿ ಹೇಳುವ ಪದಪಾಠ ಎಂಬ ಎರಡು ಕ್ರಮಗಳಿವೆ. ಋಗ್ವೇದದ ಪದಪಾಠವನ್ನು ಶಾಕಲ್ಯನು ರಚಿಸಿದನೆಂದು ಪರಂಪರೆ ಹೇಳುತ್ತದೆ. ಒಂದೇ ಧ್ವನಿಸರಣಿಯನ್ನು ಎರಡು ಬಗೆಯಾಗಿ ಒಡೆದು ಎರಡು ಅರ್ಥಗಳನ್ನು ಪಡೆಯುವ ಅಲಂಕಾರಕ್ಕೆ ಕಾವ್ಯಮೀಮಾಂಸೆಯಲ್ಲಿ ಸಭಂಗಶ್ಲೇಷ ಎಂಬ ಹೆಸರಿದೆ.

ಕನ್ನಡದಲ್ಲಿ 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ಸಂಧಿಯ ನಿಯಮಗಳನ್ನು ವಿವರವಾಗಿ ನಿರೂಪಿಸಿದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ಸೇರಿದಂತೆ ಹಳೆಯ ಕನ್ನಡ ಶಾಸನಗಳಲ್ಲಿ ಪದಗಳ ನಡುವೆ ಇಂದಿನಂತೆ ತೆರಪು ಬಿಡುವ ರೂಢಿ ಇರಲಿಲ್ಲ. ಅವುಗಳನ್ನು ಓದುವವರು ಕೇಳುಗರಂತೆಯೇ ಪದಗಳನ್ನು ತಾವೇ ಬಿಡಿಸಿಕೊಳ್ಳಬೇಕು.

## ಕನ್ನಡದ ಸಂಧಿ ಮತ್ತು ಪದದ ಗಡಿ

ಕನ್ನಡದ ಸಂಧಿಗಳು ಪದದ ಗಡಿಯನ್ನು ಮೂರು ರೀತಿಗಳಲ್ಲಿ ಬದಲಿಸುತ್ತವೆ.

ಲೋಪಸಂಧಿಯಲ್ಲಿ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ: ಮಾತು + ಇಲ್ಲ = ಮಾತಿಲ್ಲ. ಇಲ್ಲಿ ‘ತಿ’ ಎಂಬ ಒಂದೇ ಅಕ್ಷರದ ವ್ಯಂಜನ ಮೊದಲ ಪದಕ್ಕೂ ಸ್ವರ ಎರಡನೆಯ ಪದಕ್ಕೂ ಸೇರಿರುತ್ತದೆ. ಅಂದರೆ ಪದದ ಗಡಿ ಒಂದು ಅಕ್ಷರದ ನಡುವೆಯೇ ಹಾದುಹೋಗುತ್ತದೆ.

ಆಗಮಸಂಧಿಯಲ್ಲಿ ಎರಡು ಸ್ವರಗಳ ನಡುವೆ ಯಕಾರ ಅಥವಾ ವಕಾರ ಬಂದು ಸೇರುತ್ತದೆ: ಮನೆ + ಅಲ್ಲಿ = ಮನೆಯಲ್ಲಿ, ಗುರು + ಅನ್ನು = ಗುರುವನ್ನು. ಹೀಗೆ ಬಂದ ವ್ಯಂಜನ ಯಾವ ಪದಕ್ಕೂ ಸೇರಿದ್ದಲ್ಲ.

ಆದೇಶಸಂಧಿಯಲ್ಲಿ ಎರಡನೆಯ ಪದದ ಮೊದಲ ವ್ಯಂಜನವೇ ಬದಲಾಗುತ್ತದೆ: ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ‘ಕಾಲ’ವನ್ನು ಹುಡುಕುವ ಕೇಳುಗರಿಗೆ ಸಿಗುವುದು ‘ಗಾಲ’. ಇಂಥ ಸಮಾಸಪದಗಳಲ್ಲಿ ಹೆಚ್ಚು ಬಳಕೆಯಲ್ಲಿರುವುವು ಇಡಿಯಾಗಿಯೇ ನೆನಪಿನಲ್ಲಿರಬಹುದು. ಹೊಸದಾಗಿ ಕೇಳಿದವುಗಳನ್ನು ಮಾತ್ರ ಬಿಡಿಸಿಕೊಳ್ಳಬೇಕಾಗುತ್ತದೆ.

ಸಂಧಿಯಿಂದಾಗಿ ಕೆಲವೊಮ್ಮೆ ಎರಡು ಬೇರೆ ವಾಕ್ಯಗಳು ಒಂದೇ ರೂಪವನ್ನು ತಾಳುತ್ತವೆ. ‘ಮನೆಯಲ್ಲಿದೆ’ ಎಂಬುದನ್ನು ‘ಮನೆಯಲ್ಲಿ ಇದೆ’ ಎಂದೂ ‘ಮನೆ ಅಲ್ಲಿ ಇದೆ’ ಎಂದೂ ಬಿಡಿಸಬಹುದು. ‘ಅವನಲ್ಲಿಲ್ಲ’ ಎಂಬುದು ‘ಅವನು ಅಲ್ಲಿ ಇಲ್ಲ’ ಎಂದಾಗಬಹುದು, ‘ಅವನ ಬಳಿ ಇಲ್ಲ’ ಎಂಬ ಅರ್ಥದ ‘ಅವನಲ್ಲಿ ಇಲ್ಲ’ ಎಂದೂ ಆಗಬಹುದು. ಆಡುಮಾತಿನಲ್ಲಿ ಈ ಗೊಂದಲ ಕಡಿಮೆ. ಹಲವು ಕಡೆ ಸಪ್ತಮಿ ವಿಭಕ್ತಿಯ ರೂಪ ‘ಮನೇಲಿ’ ಎಂದು ಸವೆದಿರುವುದರಿಂದ ‘ಮನೇಲಿದೆ’ ಮತ್ತು ‘ಮನೆ ಅಲ್ಲಿದೆ’ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಉಳಿದೆಡೆ ಸ್ವರದ ಏರಿಳಿತ, ಚಿಕ್ಕ ನಿಲುಗಡೆ ಮತ್ತು ಸಂದರ್ಭಗಳು ಅರ್ಥವನ್ನು ನಿರ್ಧರಿಸುತ್ತವೆ.

## ಗಡಿಯನ್ನು ಸೂಚಿಸುವ ಸುಳಿವುಗಳು

ಪ್ರತಿ ಭಾಷೆಯಲ್ಲಿಯೂ ಯಾವ ಧ್ವನಿ ಪದದ ಯಾವ ಸ್ಥಾನದಲ್ಲಿ ಬರಬಹುದು ಎಂಬ ನಿಯಮಗಳಿರುತ್ತವೆ. ಕನ್ನಡದಲ್ಲಿ ಗಡಿಯನ್ನು ಊಹಿಸಲು ನೆರವಾಗುವ ಇಂಥ ಲಕ್ಷಣಗಳಲ್ಲಿ ಮುಖ್ಯವಾದವು ಹೀಗಿವೆ:

* ಅಚ್ಚಗನ್ನಡ ಪದಗಳು ಣಕಾರ ಮತ್ತು ಳಕಾರಗಳಿಂದ ಆರಂಭವಾಗುವುದಿಲ್ಲ. ಈ ಧ್ವನಿಗಳು ಕೇಳಿಬಂದರೆ ಪದ ಈಗಾಗಲೇ ಆರಂಭವಾಗಿದೆ ಎಂದರ್ಥ.
* ಹಳಗನ್ನಡದ ಪದಾದಿ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿದೆ (ಪಾಲ್–ಹಾಲು, ಪೂ–ಹೂ). ಆದ್ದರಿಂದ ದೇಶ್ಯ ಪದಗಳಲ್ಲಿ ಹಕಾರವು ಹೆಚ್ಚಾಗಿ ಪದದ ಆದಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ‘ಸಹಾಯ’, ‘ಮಹಾ’ ಮೊದಲಾದ ಸಂಸ್ಕೃತ ಪದಗಳಿಗೆ ಇದು ಅನ್ವಯಿಸದು. ‘ಹಾಲು’ ‘ಆಲು’ ಎಂದಾಗುವ ಪ್ರಾದೇಶಿಕ ಆಡುನುಡಿಗಳಲ್ಲಿ ಈ ಸುಳಿವು ದೊರೆಯುವುದಿಲ್ಲ.
* ಹ್ರಸ್ವ ಒಕಾರವು ದೇಶ್ಯ ಪದಗಳಲ್ಲಿ ಬಹುಮಟ್ಟಿಗೆ ಮೊದಲ ಅಕ್ಷರದಲ್ಲಿ ಮಾತ್ರ ಬರುತ್ತದೆ (ಕೊಡೆ, ಮೊಸರು, ತೊಟ್ಟಿಲು). ‘ಬಾರೊ’ ಎಂಬಂಥ ಸಂಬೋಧನೆಯ ರೂಪಗಳು ಅಪವಾದ.
* ಹೊಸಗನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಗೊಳ್ಳುತ್ತವೆ (ಕಣ್–ಕಣ್ಣು, ಪಾಲ್–ಹಾಲು). ವ್ಯಂಜನದಲ್ಲಿ ನಿಲ್ಲುವ ತುಣುಕು ಪೂರ್ಣಪದವಾಗಿರುವ ಸಾಧ್ಯತೆ ಕಡಿಮೆ.
* ಪದಾದಿಯ ಎಕಾರ ಮತ್ತು ಒಕಾರಗಳನ್ನು ಹಲವರು ‘ಯೆಲ್ಲಿ’, ‘ವೊಂದು’ ಎಂದು ಸಣ್ಣ ಯಕಾರ ವಕಾರಗಳೊಡನೆ ಉಚ್ಚರಿಸುತ್ತಾರೆ.

ಇವುಗಳಲ್ಲಿ ಯಾವುದೂ ತಾನೊಂದೇ ಸಾಲದು. ಕೇಳುಗರು ಹಲವು ದುರ್ಬಲ ಸುಳಿವುಗಳನ್ನು ಒಟ್ಟುಗೂಡಿಸಿ ತೀರ್ಮಾನಕ್ಕೆ ಬರುತ್ತಾರೆ ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ.

## ಗುರುತಿಸುವಿಕೆಯ ಮಾದರಿಗಳು

ವಿಲಿಯಂ ಮಾರ್ಸ್ಲೆನ್-ವಿಲ್ಸನ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಮಂಡಿಸಿದ ಕೋಹಾರ್ಟ್ ಮಾದರಿಯ ಪ್ರಕಾರ, ಪದದ ಆರಂಭ ಕಿವಿಗೆ ಬಿದ್ದ ಕೂಡಲೇ ಹಾಗೆ ಆರಂಭವಾಗುವ ಎಲ್ಲ ಪದಗಳೂ ಮನಸ್ಸಿನಲ್ಲಿ ಎಚ್ಚರಗೊಳ್ಳುತ್ತವೆ. ಮುಂದಿನ ಧ್ವನಿಗಳು ಬಂದಂತೆ ಹೊಂದದ ಪದಗಳು ಕಳಚಿಕೊಳ್ಳುತ್ತವೆ. ‘ಬೆಳ’ ಎಂದು ಕೇಳಿದಾಗ ಬೆಳಕು, ಬೆಳಗು, ಬೆಳವಣಿಗೆ, ಬೆಳದಿಂಗಳು ಎಲ್ಲವೂ ಅಭ್ಯರ್ಥಿಗಳೇ; ‘ಬೆಳದಿಂ’ ಎಂಬಲ್ಲಿಗೆ ‘ಬೆಳದಿಂಗಳು’ ಒಂದೇ ಉಳಿಯುತ್ತದೆ. ಹೀಗಾಗಿ ಪದ ಮುಗಿಯುವ ಮೊದಲೇ ಅದನ್ನು ಗುರುತಿಸಲು ಸಾಧ್ಯ. ಆದರೆ ಚಿಕ್ಕ ಪದಗಳು ಅನೇಕ ಸಲ ಮುಗಿದು, ಮುಂದಿನ ಪದ ಆರಂಭವಾದ ಬಳಿಕವೇ ಖಚಿತವಾಗುತ್ತವೆ ಎಂದು ಫ್ರಾಂಸ್ವಾ ಗ್ರೋಜಾನ್ 1985ರಲ್ಲಿ ತೋರಿಸಿದರು.

ಜೇಮ್ಸ್ ಮೆಕ್ಲೆಲಂಡ್ ಮತ್ತು ಜೆಫ್ರಿ ಎಲ್ಮನ್ 1986ರಲ್ಲಿ ರೂಪಿಸಿದ ಟ್ರೇಸ್ ಮಾದರಿಯಲ್ಲಿ ಅಭ್ಯರ್ಥಿ ಪದಗಳು ಪರಸ್ಪರ ಸ್ಪರ್ಧಿಸುತ್ತವೆ. ಗೆದ್ದ ಪದಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿ ಗಡಿ ತಾನಾಗಿ ಏರ್ಪಡುತ್ತದೆ. ಈ ಮಾದರಿಯಲ್ಲಿ ಪದದ ಅರಿವು ಕೆಳಗಿನ ಧ್ವನಿಗಳ ಗ್ರಹಿಕೆಯನ್ನೂ ಪ್ರಭಾವಿಸುತ್ತದೆ. ಡೆನಿಸ್ ನಾರಿಸ್ 1994ರಲ್ಲಿ ಮಂಡಿಸಿದ ಶಾರ್ಟ್‌ಲಿಸ್ಟ್ ಮಾದರಿ ಸ್ಪರ್ಧೆಯನ್ನು ಒಪ್ಪಿದರೂ ಮೇಲಿನಿಂದ ಕೆಳಕ್ಕೆ ಹರಿಯುವ ಈ ಪ್ರಭಾವವನ್ನು ಒಪ್ಪುವುದಿಲ್ಲ. ಈ ಭಿನ್ನಾಭಿಪ್ರಾಯ ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ.

ಕೇಳುಗರ ಭಾಷಾಜ್ಞಾನ ಎಷ್ಟು ಪ್ರಬಲವೆಂಬುದಕ್ಕೆ ರಿಚರ್ಡ್ ವಾರೆನ್ 1970ರಲ್ಲಿ ವರದಿ ಮಾಡಿದ ಪ್ರಯೋಗ ಪ್ರಸಿದ್ಧ ನಿದರ್ಶನ. ಒಂದು ಇಂಗ್ಲಿಷ್ ಪದದೊಳಗಿನ ಧ್ವನಿಯನ್ನು ತೆಗೆದು ಆ ಜಾಗದಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದಾಗಲೂ ಕೇಳುಗರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು. ಕೆಮ್ಮು ಎಲ್ಲಿತ್ತು ಎಂಬುದನ್ನು ಅವರು ಸರಿಯಾಗಿ ಹೇಳಲಾರದೆ ಹೋದರು.

ಪದವನ್ನು ಬಿಡಿಸಿದ ಮೇಲೆ ಉಳಿಯುವ ತುಣುಕು ಪದವಾಗಿರಲು ಸಾಧ್ಯವಿರಬೇಕು ಎಂಬ ತತ್ತ್ವವನ್ನು ನಾರಿಸ್, ಮೆಕ್‌ಕ್ವೀನ್, ಕಟ್ಲರ್ ಮತ್ತು ಬಟರ್‌ಫೀಲ್ಡ್ 1997ರಲ್ಲಿ ಪ್ರತಿಪಾದಿಸಿದರು. ಒಂಟಿ ವ್ಯಂಜನ ಮಾತ್ರ ಉಳಿಯುವಂತಿದ್ದರೆ ಇಂಗ್ಲಿಷ್ ಕೇಳುಗರಿಗೆ ಅಡಗಿದ ಪದವನ್ನು ಹುಡುಕುವುದು ಕಷ್ಟವಾಯಿತು. ಕನ್ನಡದ ‘ಮನೆಯಲ್ಲಿದೆ’ಯನ್ನು ‘ಮನೆ’, ‘ಅಲ್ಲಿ’, ‘ಇದೆ’ ಎಂದು ಬಿಡಿಸಿದಾಗ ಯಕಾರ ಹೀಗೆಯೇ ಒಂಟಿಯಾಗಿ ಉಳಿಯುತ್ತದೆ. ಆದರೆ ಸಂಧಿಯನ್ನು ಬಲ್ಲವರ ಪಾಲಿಗೆ ಅದು ನಿರರ್ಥಕ ಶೇಷವಲ್ಲ, ಎರಡು ಸ್ವರಗಳು ಕೂಡಿದ ಜಾಗದ ಗುರುತು.

## ಭಾಷೆಯ ಲಯ

ಆ್ಯನ್ ಕಟ್ಲರ್ ಮತ್ತು ನಾರಿಸ್ 1988ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಇಂಗ್ಲಿಷ್ ಕೇಳುಗರು ಒತ್ತುಳ್ಳ ಅಕ್ಷರ ಬಂದಲ್ಲಿ ಹೊಸ ಪದ ಆರಂಭವಾಗಿದೆಯೆಂದು ಊಹಿಸುತ್ತಾರೆ. ಫ್ರೆಂಚ್ ಕೇಳುಗರು ಇಡೀ ಅಕ್ಷರವನ್ನೂ ಜಪಾನಿ ಕೇಳುಗರು ಮಾತ್ರೆಯನ್ನೂ ಘಟಕವಾಗಿ ಬಳಸುತ್ತಾರೆಂದು ಇತರ ಪ್ರಯೋಗಗಳು ತೋರಿಸಿವೆ. ಅಂದರೆ ಮಾತನ್ನು ಬಿಡಿಸುವ ವಿಧಾನ ಎಲ್ಲರಿಗೂ ಒಂದೇ ಅಲ್ಲ. ಅದು ತಾಯ್ನುಡಿಯ ಲಯಕ್ಕೆ ಹೊಂದಿಕೊಂಡಿರುತ್ತದೆ.

ದ್ರಾವಿಡ ಭಾಷೆಗಳ ಕುರಿತು ಲಲಿತಾ ಮೂರ್ತಿ, ತಾಕಾಶಿ ಒತಾಕೆ ಮತ್ತು ಕಟ್ಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಜಪಾನಿ ಮಾತನ್ನು ಕೇಳಿದ ತೆಲುಗರು, ಹುಡುಕಬೇಕಾದ ಧ್ವನಿಸರಣಿಯ ಗಡಿ ಮಾತ್ರೆಯ ಗಡಿಗೆ ಹೊಂದದಿದ್ದಾಗ ಜಪಾನಿಯರಂತೆಯೇ ತಡವರಿಸಿದರು. ತೆಲುಗು ಮಾತಿನೊಂದಿಗೆ ನಡೆಸಿದ ಪ್ರಯೋಗದ ಫಲಿತಾಂಶ ಮಾತ್ರ ಮಿಶ್ರವಾಗಿತ್ತು. ಕನ್ನಡವೂ ತೆಲುಗಿನಂತೆ ಹ್ರಸ್ವ-ದೀರ್ಘ ಸ್ವರಗಳನ್ನೂ (ಬಳೆ–ಬಾಳೆ) ಒಂಟಿ-ಜೋಡಿ ವ್ಯಂಜನಗಳನ್ನೂ (ಕತೆ–ಕತ್ತೆ) ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಲಘು-ಗುರುಗಳ ಮಾತ್ರಾಗಣನೆ ಕನ್ನಡ ಛಂದಸ್ಸಿನ ತಳಹದಿಗಳಲ್ಲಿ ಒಂದಾಗಿದೆ.

## ಶಿಶುಗಳ ಕಲಿಕೆ

ಶಿಶುಗಳಿಗೆ ಪದಗಳೇ ಗೊತ್ತಿಲ್ಲದಿರುವಾಗ ಅವು ಪದಗಳ ಗಡಿಯನ್ನು ಹೇಗೆ ಕಂಡುಕೊಳ್ಳುತ್ತವೆ ಎಂಬ ಪ್ರಶ್ನೆಗೆ ಜೆನಿ ಸ್ಯಾಫ್ರನ್, ರಿಚರ್ಡ್ ಆ್ಯಸ್ಲಿನ್ ಮತ್ತು ಎಲಿಸ್ಸಾ ನ್ಯೂಪೋರ್ಟ್ 1996ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಅರ್ಥವಿಲ್ಲದ ಕೃತಕ ಪದಗಳನ್ನು ನಿಲುಗಡೆಯಿಲ್ಲದೆ ಎರಡು ನಿಮಿಷ ಕೇಳಿಸಿದಾಗ, 8 ತಿಂಗಳ ಶಿಶುಗಳು ಯಾವ ಅಕ್ಷರದ ಬಳಿಕ ಯಾವುದು ತಪ್ಪದೆ ಬರುತ್ತದೆ ಎಂಬುದನ್ನು ಗ್ರಹಿಸಿ ‘ಪದ’ಗಳನ್ನು ಇತರ ಅಕ್ಷರಸರಣಿಗಳಿಂದ ಬೇರ್ಪಡಿಸಿದವು. ಕನ್ನಡದ ಮನೆಯಲ್ಲಿ ‘ಮಗು ಬಾ’, ‘ಮಗು ಎಲ್ಲಿ’, ‘ಪುಟ್ಟ ಮಗು’ ಎಂಬ ಮಾತುಗಳನ್ನು ಕೇಳುವ ಶಿಶುವಿಗೆ ‘ಮ’ ಮತ್ತು ‘ಗು’ ಜೊತೆಯಾಗಿ ಬರುವುದು ಪದೇಪದೇ ಕೇಳಿಸುತ್ತದೆ. ‘ಗು’ವಿನ ಅನಂತರ ಬರುವುದು ಪ್ರತಿಸಲವೂ ಬೇರೆ. ಬಿಡಿಯಾಗಿ ಕೇಳಿಬರುವ ‘ಅಮ್ಮ’, ‘ಬಾ’, ‘ಬೇಡ’ಗಳೂ ಸುತ್ತಲಿನ ಮಾತನ್ನು ಒಡೆಯಲು ಆಧಾರವಾಗುತ್ತವೆ.

## ಬಹುಭಾಷಿಕ ಪರಿಸರ: ಕೊಯಿಲ ಮತ್ತು ಸುತ್ತಮುತ್ತ

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲೂಕಿನ ಕೊಯಿಲ ಹಾಗೂ ಪುತ್ತೂರು, ಸುಳ್ಯ ಸೀಮೆಗಳಲ್ಲಿ ತುಳು, ಕನ್ನಡ, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಕೊಂಕಣಿ ಮತ್ತು ಮಲಯಾಳಂ ಭಾಷೆಗಳು ಬಳಕೆಯಲ್ಲಿವೆ. ಇಲ್ಲಿ ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನು ಕೇಳಿ ಬೆಳೆಯುವುದು ಸಾಮಾನ್ಯ. ಈ ಭಾಗದ ಕೇಳುಗರು ಪದಗಳನ್ನು ಬಿಡಿಸುವ ಮೊದಲು, ಅಥವಾ ಬಿಡಿಸುತ್ತಲೇ, ಕೇಳುತ್ತಿರುವುದು ಯಾವ ಭಾಷೆಯೆಂಬುದನ್ನೂ ನಿರ್ಧರಿಸಬೇಕಾಗುತ್ತದೆ.

ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ಕನ್ನಡದ ‘ಇಲ್ಲ’ಕ್ಕೆ ತುಳುವಿನಲ್ಲಿ ‘ಇಜ್ಜಿ’ ಎನ್ನುತ್ತಾರೆ. ತುಳುವಿನ ‘ಇಲ್ಲದ ಬೇಲೆ’ ಮನೆಗೆಲಸ. ಕನ್ನಡದ ‘ಇಲ್ಲದ ಕೆಲಸ’ ಇರದಿರುವ ಕೆಲಸ. ‘ಇಲ್ಲದ’ ಎಂಬಷ್ಟೇ ಕೇಳಿದಾಗ ಎರಡೂ ಅರ್ಥಗಳು ಸಾಧ್ಯ. ಹಾಗೆಯೇ ಗೌರವದಿಂದ ಕರೆಯುವ ತುಳುವಿನ ‘ಬಲೆ’ (ಬನ್ನಿ) ಕನ್ನಡದಲ್ಲಿ ಮೀನು ಹಿಡಿಯುವ ಸಾಧನ. ದ್ವಿಭಾಷಿಕರು ಒಂದು ಭಾಷೆಯನ್ನು ಕೇಳುವಾಗ ಇನ್ನೊಂದು ಭಾಷೆಯ ಪದಗಳೂ ಎಚ್ಚರಗೊಳ್ಳುತ್ತವೆ ಎಂಬುದನ್ನು ಮೈಕೇಲ್ ಸ್ಪೈವಿ ಮತ್ತು ವಿಯೊರಿಕಾ ಮರಿಯನ್ 1999ರಲ್ಲಿ ರಷ್ಯನ್–ಇಂಗ್ಲಿಷ್ ಭಾಷಿಕರ ಕಣ್ಣಿನ ಚಲನೆಯನ್ನು ಅಳೆದು ತೋರಿಸಿದರು.

ಗಡಿಯ ಸುಳಿವುಗಳೂ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತವೆ. ಕನ್ನಡದ ಹುಲಿ, ಹುಳಿ, ಹತ್ತು ತುಳುವಿನಲ್ಲಿ ಪಿಲಿ, ಪುಳಿ, ಪತ್ತ್ ಎಂದಿದ್ದು ಪಕಾರವನ್ನು ಉಳಿಸಿಕೊಂಡಿವೆ. ತುಳುವಿನ ಪದಾಂತ್ಯದಲ್ಲಿ ಸ್ವರಗಳ ಸೂಕ್ಷ್ಮ ಭೇದ ವ್ಯಾಕರಣದ ಕೆಲಸವನ್ನೇ ಮಾಡುತ್ತದೆ: ‘ನಾನು ಬರುತ್ತೇನೆ’ ಮತ್ತು ‘ಅವನು ಬರುತ್ತಾನೆ’ ಎಂಬ ಅರ್ಥದ ಎರಡು ರೂಪಗಳನ್ನೂ ಕನ್ನಡ ಲಿಪಿಯಲ್ಲಿ ‘ಬರ್ಪೆ’ ಎಂದೇ ಬರೆದರೂ ಮೊದಲನೆಯದರ ಕೊನೆಯ ಸ್ವರ ಎರಡನೆಯದಕ್ಕಿಂತ ವಿವೃತವಾಗಿರುತ್ತದೆ. ಈ ಭೇದಕ್ಕೆ ಕಿವಿ ಪಳಗದವರಿಗೆ ಎರಡೂ ಒಂದೇ ಆಗಿ ಕೇಳಿಸಬಹುದು.

ಈ ಪ್ರದೇಶದಲ್ಲಿ ಜನಪ್ರಿಯವಾದ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಗ್ರಾಂಥಿಕ ಕನ್ನಡದಲ್ಲಿ ಆಶುವಾಗಿ ಮಾತಾಡುತ್ತಾರೆ. ಸಂಧಿ-ಸಮಾಸಗಳಿಂದ ತುಂಬಿದ ಆ ಮಾತನ್ನು ಮನೆಮಾತು ತುಳುವಾಗಿರುವ ಪ್ರೇಕ್ಷಕರೂ ಅನುಸರಿಸುತ್ತಾರೆ. ಎರಡನೆಯ ಭಾಷೆಯಲ್ಲಿಯೂ ಪದಗಳನ್ನು ಬಿಡಿಸುವ ಸಾಮರ್ಥ್ಯ ದೀರ್ಘಕಾಲದ ಕೇಳುವಿಕೆಯಿಂದ ಬೆಳೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

## ಶ್ರವಣ ಪರೀಕ್ಷೆಯಲ್ಲಿ ಮಹತ್ವ

ಕನ್ನಡದಲ್ಲಿ ಪದದ ಮೂಲರೂಪ ಮೊದಲು ಬರುತ್ತದೆ. ಕಾಲ, ಲಿಂಗ, ವಚನ ಮತ್ತು ನಿಷೇಧಗಳು ಕೊನೆಯಲ್ಲಿ ಬರುತ್ತವೆ. ‘ಕುಡಿಯಬೇಕು’ ಮತ್ತು ‘ಕುಡಿಯಬಾರದು’, ‘ಬರುವುದಿದೆ’ ಮತ್ತು ‘ಬರುವುದಿಲ್ಲ’ ಎಂಬ ಜೋಡಿಗಳಲ್ಲಿ ಮೊದಲ ಭಾಗ ಒಂದೇ. ಮಾತಿನ ಕೊನೆಗೆ ಧ್ವನಿ ಇಳಿಯುವುದು ಸಾಮಾನ್ಯವಾದ್ದರಿಂದ ಕಿವಿ ಮಂದವಾಗಿರುವವರಿಗೆ ಆ ಭಾಗವೇ ಕೇಳಿಸದೆ ಹೋಗಬಹುದು. ಔಷಧಿಯನ್ನು ಹೇಗೆ ತೆಗೆದುಕೊಳ್ಳಬೇಕೆಂಬ ಸೂಚನೆಯಲ್ಲಿ ಇಂಥ ತಪ್ಪು ಗ್ರಹಿಕೆ ಅಪಾಯಕಾರಿ. ಆದ್ದರಿಂದ ಸೂಚನೆಯನ್ನು ನಿಧಾನವಾಗಿ, ಮುಖ ಕಾಣುವಂತೆ, ವಾಕ್ಯದ ಕೊನೆಯನ್ನು ನುಂಗದೆ ಹೇಳುವುದೂ ಕೇಳಿದವರಿಂದ ಮರಳಿ ಹೇಳಿಸುವುದೂ ಉಪಯುಕ್ತ.

1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 2005ರಲ್ಲಿ ಧ್ವನಿಮಾಗಳ ಸಮತೋಲನವುಳ್ಳ ಕನ್ನಡ ಪದಪಟ್ಟಿಯನ್ನು ರೂಪಿಸಲಾಯಿತು. ಬಿಡಿ ಪದಗಳನ್ನು ಕೇಳಿಸಿ ಮರಳಿ ಹೇಳಿಸುವ ಪರೀಕ್ಷೆಯಲ್ಲಿ ಗಡಿ ಹುಡುಕುವ ಕೆಲಸವಿರುವುದಿಲ್ಲ. ದಿನಬಳಕೆಯ ಮಾತಿಗೆ ಹತ್ತಿರವಾದ ಚಿತ್ರಣಕ್ಕೆ ವಾಕ್ಯಗಳ ಪರೀಕ್ಷೆ ಬೇಕಾಗುತ್ತದೆ; ಕನ್ನಡದ ವಾಕ್ಯ ಗುರುತಿಸುವಿಕೆ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಗಿದೆ.

ಎರಡನೆಯ ಭಾಷೆಯ ಮಾತನ್ನು ಗದ್ದಲದಲ್ಲಿ ಕೇಳುವುದು ತಾಯ್ನುಡಿಯನ್ನು ಕೇಳುವುದಕ್ಕಿಂತ ಕಷ್ಟವೆಂಬುದು ಹಲವು ಅಧ್ಯಯನಗಳಿಂದ ದೃಢಪಟ್ಟಿದೆ. ತುಳು ಅಥವಾ ಬ್ಯಾರಿ ಮನೆಮಾತಿನ ಮಗುವನ್ನು ಕನ್ನಡ ಪಟ್ಟಿಯಿಂದ ಪರೀಕ್ಷಿಸಿದಾಗ ದೊರೆತ ಕಡಿಮೆ ಅಂಕವು ಕಿವಿಯ ದೋಷವನ್ನೇ ಸೂಚಿಸಬೇಕೆಂದಿಲ್ಲ. ಭಾಷೆಯ ಪರಿಚಯ ಕಡಿಮೆಯಿರುವುದನ್ನೂ ಸೂಚಿಸಬಹುದು. ಇದರ ವಿರುದ್ಧ ತಪ್ಪೂ ಸಾಧ್ಯ: ನಿಜವಾದ ಶ್ರವಣದೋಷವನ್ನು ‘ಕನ್ನಡ ಇನ್ನೂ ಬರುವುದಿಲ್ಲ’ ಎಂದು ಕಡೆಗಣಿಸಿದರೆ ಚಿಕಿತ್ಸೆ ತಡವಾಗುತ್ತದೆ. ಆದಕಾರಣ ಪರೀಕ್ಷೆಯ ಅಂಕವನ್ನು ಮನೆಮಾತಿನ ವಿವರ ಮತ್ತು ಶುದ್ಧಸ್ವರಗಳ ಶ್ರವಣಮಾಪನದೊಂದಿಗೆ ಸೇರಿಸಿ ನೋಡಬೇಕಾಗುತ್ತದೆ.

## ಯಂತ್ರಗಳಿಂದ ಗುರುತಿಸುವಿಕೆ

ಮಾತನ್ನು ಬರಹವಾಗಿಸುವ ಗಣಕ ವ್ಯವಸ್ಥೆಗಳೂ ಇದೇ ಸಮಸ್ಯೆಯನ್ನು ಎದುರಿಸುತ್ತವೆ. ಕನ್ನಡದ ಒಂದು ಕ್ರಿಯಾಧಾತುವಿನಿಂದ ಪ್ರತ್ಯಯಗಳ ಮೂಲಕ ಬಹುಸಂಖ್ಯೆಯ ರೂಪಗಳು ಹುಟ್ಟುತ್ತವೆ. ಸಂಧಿಯಿಂದ ಇನ್ನಷ್ಟು ಸೇರುತ್ತವೆ. ಎಲ್ಲವನ್ನೂ ಮುಂಚಿತವಾಗಿ ಪಟ್ಟಿಮಾಡುವುದು ಅಸಾಧ್ಯ. ಆದ್ದರಿಂದ ಪೂರ್ಣಪದಕ್ಕೆ ಬದಲಾಗಿ ಪದದ ತುಣುಕುಗಳನ್ನು ಘಟಕವಾಗಿ ಬಳಸುವ ವಿಧಾನ ಇಂಥ ಭಾಷೆಗಳಿಗೆ ಅನುಕೂಲಕರವೆನಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯು ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳ ಧ್ವನಿ ದತ್ತಾಂಶವನ್ನು ಪ್ರಾದೇಶಿಕ ಭೇದಗಳ ಸಮೇತ ಸಂಗ್ರಹಿಸಿದೆ. ಒಂದೇ ವಾಕ್ಯದಲ್ಲಿ ಕನ್ನಡ, ತುಳು ಮತ್ತು ಇಂಗ್ಲಿಷ್ ಬೆರೆಯುವ ಕರಾವಳಿಯಂಥ ಪ್ರದೇಶಗಳ ಸಹಜ ಮಾತು ಈ ತಂತ್ರಜ್ಞಾನಕ್ಕೆ ಕಠಿಣ ಸವಾಲಾಗಿದೆ.